ಹಳೆಯ ಊರು, ಹಳೆಯ ಪ್ರಶ್ನೆ

ಒಮ್ಮೆ ಮನಸಾರೆ ಮೆಚ್ಚಿದ ಊರಿಗೆ ಬಹುಕಾಲದ ಮೇಲೆ ಮರಳಿ ಹೋಗಬೇಕೇ, ಬೇಡವೇ ಎಂಬುದು ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಮುಗಿಯದ ಚರ್ಚೆಯಾಗಿತ್ತು. ಬೇಡವೆಂಬುದು ನಮ್ಮ ಪಕ್ಷ. ಕಣ್ಣಲ್ಲಿ ಉಳಿದುಕೊಂಡ ಊರು ಕಾಲಡಿಯ ಊರಿನೊಡನೆ ಹೊಂದುವುದಿಲ್ಲ, ಹೋಗಿ ನಿರಾಶೆಪಡುವುದಕ್ಕಿಂತ ನೆನೆದು ಸಂತೋಷಪಡುವುದೇ ಲೇಸು ಎಂದು ನಾವು ವಾದಿಸುತ್ತಿದ್ದೆವು. ನಮ್ಮ ಮನೆಯವರು ಇದನ್ನು ಒಪ್ಪುತ್ತಿರಲಿಲ್ಲ. "ನಿಮಗೆ ಊರಿನ ಅಂಜಿಕೆ ಅಲ್ಲ, ಬೇರೆ ಏನೋ ಅಂಜಿಕೆ ಐತಿ" ಎಂದು ಅವರು ನಗುತ್ತಿದ್ದರು. ಅವರ ಮಾತು ನಿಜವಾಗಿತ್ತು. ಅದೇನೆಂಬುದನ್ನು ಓದುಗ ಬಂಧುಗಳ ಮುಂದೆ ಈ ಸಲ ಹೇಳಿಕೊಳ್ಳಬೇಕೆಂದಿದ್ದೇವೆ.

ಆ ಊರು ಕಲಕತ್ತ. 2001ರಿಂದ ಅದರ ಅಧಿಕೃತ ಹೆಸರು ಕೋಲ್ಕತಾ ಎಂದಾಗಿದ್ದರೂ ನಮ್ಮ ನಾಲಿಗೆಗೆ ಹಳೆಯ ಹೆಸರೇ ರೂಢಿ. ನಾವು ಅಲ್ಲಿಗೆ ಮೊದಲು ಹೋದದ್ದು 1976ರಲ್ಲಿ, ಹೊಸದಾಗಿ ಕಾಲೇಜು ಸೇರಿದ ಅಧ್ಯಾಪಕರಾಗಿ. ಗದಗಿನಿಂದ ಸಣ್ಣ ಹಳಿಯ ಗಾಡಿಯಲ್ಲಿ ಗುಂತಕಲ್ಲು, ಅಲ್ಲಿಂದ ಮದರಾಸು, ಮದರಾಸಿನಿಂದ ಹೌರಾ ಮೇಲು. ಮೈಮೇಲೆ ಕಲ್ಲಿದ್ದಲ ಪುಡಿಯನ್ನು ಹೊತ್ತುಕೊಂಡು ಹೌರಾ ನಿಲ್ದಾಣದಿಂದ ಹೊರಬಂದಾಗ ಕಣ್ಣೆದುರಿಗೆ ಆ ಮಹಾಸೇತುವೆ ನಿಂತಿತ್ತು. 1943ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಗೆ ನದಿಯ ನಡುವೆ ಒಂದು ಕಂಬವೂ ಇಲ್ಲ. ಉಕ್ಕಿನ ತೊಲೆಗಳನ್ನೆಲ್ಲ ರಿವೆಟ್ಟು ಬಡಿದೇ ಕೂಡಿಸಿದ್ದಾರೆ, ನಟ್ಟು ಬೋಲ್ಟುಗಳ ಹಂಗಿಲ್ಲ. ಮಲಪ್ರಭೆಯ ಸೀಮೆಯಿಂದ ಬಂದ ನಮಗೆ ಅಷ್ಟು ಅಗಲದ ನದಿಯೂ ಅಷ್ಟು ಎತ್ತರದ ಸೇತುವೆಯೂ ಅಷ್ಟೊಂದು ಜನವೂ ಒಮ್ಮೆಗೇ ಎದುರಾದಾಗ ಕೈಯಲ್ಲಿನ ಟ್ರಂಕನ್ನು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟಿದ್ದೆವು.

ಅಂದಿನಿಂದ ಆ ಊರಿನ ಮೋಹ ಅಂಟಿಕೊಂಡಿತು. 1983ರಲ್ಲಿ ಮತ್ತೆ ಹೋದೆವು. 1991ರಲ್ಲಿ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಹೋದೆವು. ಸಸ್ಯಾಹಾರಿಗಳಾದ ನಮಗೆ ಕಲಕತ್ತೆಯಲ್ಲಿ ಊಟಕ್ಕೆ ಹೇಗೆ ಎಂದು ಬಂಧುಗಳು ಹೆದರಿಸಿದ್ದರು. ಆದರೆ ದಕ್ಷಿಣ ಭಾಗದ ಲೇಕ್ ಮಾರ್ಕೆಟ್ಟಿನ ಸುತ್ತ ತಲೆಮಾರುಗಳಿಂದ ನೆಲೆಸಿದ ದಕ್ಷಿಣದವರಿದ್ದಾರೆ. ಕರಿಬೇವು, ಬಾಳೆಎಲೆ, ಇಡ್ಲಿ ಎಲ್ಲವೂ ಅಲ್ಲಿ ಸಿಗುತ್ತವೆ. ಬಡಾಬಜಾರಿನಲ್ಲಿ ಮಾರವಾಡಿಗಳ ಊಟದ ಮನೆಗಳಿವೆ. ಬೆಳಗಿನ ಹೊತ್ತು ಬಂಗಾಳಿಗಳ ಲುಚಿಯನ್ನೂ ಕಡಲೆಬೇಳೆಯ ಸಿಹಿ ಬೆರೆತ ದಾಲನ್ನೂ ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ಸಾಸಿವೆ ಎಣ್ಣೆಯ ಘಾಟು ಮೊದಲ ದಿನ ಮೂಗಿಗೆ ಹತ್ತಿತು, ಮೂರನೆಯ ದಿನ ಗೊತ್ತೇ ಆಗಲಿಲ್ಲ. ನಮ್ಮ ದೇಶದ ಮೊಟ್ಟಮೊದಲ ಮೆಟ್ರೋ ರೈಲು 1984ರಲ್ಲಿ ಓಡಿದ್ದು ಅಲ್ಲಿಯೇ. ನೆಲದೊಳಗೆ ಗಾಡಿ ಓಡುವುದನ್ನು ಕಂಡು ನಮ್ಮ ಮಗಳು ಕುಣಿದಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ 1991ರ ಪ್ರವಾಸದಲ್ಲಿಯೇ ಈ ಬರಹಕ್ಕೆ ಕಾರಣವಾದ ಸಂಗತಿ ನಡೆಯಿತು.

ಅಲಿಪುರದ ರಾಷ್ಟ್ರೀಯ ಗ್ರಂಥಾಲಯವನ್ನು ನೋಡದೆ ಬರುವುದು ಅಧ್ಯಾಪಕರಿಗೆ ತಕ್ಕುದಲ್ಲವೆಂದು ಒಂದು ದಿನ ಅಲ್ಲಿಗೆ ಹೋದೆವು. ಬ್ರಿಟಿಷರ ಕಾಲದಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರರು ವಾಸಿಸಿದ್ದ ಬೆಲ್ವೆಡೇರ್ ಎಂಬ ಭವ್ಯ ಬಂಗಲೆಯಲ್ಲಿ 1953ರಿಂದ ಸಾರ್ವಜನಿಕರಿಗೆ ತೆರೆದ ಗ್ರಂಥಭಂಡಾರವದು. 1954ರ ಕಾಯಿದೆಯೊಂದರ ಮೇರೆಗೆ ನಮ್ಮ ದೇಶದ ಯಾವ ಮೂಲೆಯಲ್ಲಿ ಯಾವ ಭಾಷೆಯ ಪುಸ್ತಕ ಪ್ರಕಟವಾದರೂ ಅದರ ಒಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಿಂದ ಅಲ್ಲಿಗೆ ಕಳುಹಿಸಿಕೊಡಬೇಕು. ಹೀಗೆ ಬಂದ ಕನ್ನಡ ಪುಸ್ತಕಗಳಿಗೂ ಅಲ್ಲಿ ಒಂದು ವಿಭಾಗವಿದೆ. ಸೂಚಿಪತ್ರದ ಮರದ ಸೆಳೆಖಾನೆಗಳಲ್ಲಿ ಕನ್ನಡ ಪುಸ್ತಕಗಳ ಚೀಟಿಗಳನ್ನು ಸುಮ್ಮನೆ ತಿರುವುತ್ತಿದ್ದಾಗ ಒಂದು ಚೀಟಿಯ ಮೇಲೆ ನಮ್ಮ ತೀರ್ಥರೂಪರ ಹೆಸರು ಕಂಡಿತು.

ನಮ್ಮ ತೀರ್ಥರೂಪರು ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರು. 1957ರ ಏಪ್ರಿಲ್ ಒಂದರಂದು ಸರಕಾರವು ಆಣೆ ಪೈಗಳನ್ನು ಬಿಟ್ಟು ದಶಮಾನ ನಾಣ್ಯಪದ್ಧತಿಯನ್ನು ತಂದಾಗ ಹಳ್ಳಿಯ ಜನರಿಗೆ ಆ ಲೆಕ್ಕ ತಿಳಿಯಲೆಂದು ಅವರು ನಲವತ್ತೆಂಟು ಪುಟದ ಒಂದು ಚಿಕ್ಕ ಪುಸ್ತಕ ಬರೆದು, 1958ರಲ್ಲಿ ಸ್ವಂತ ಹಣದಿಂದ ಅಚ್ಚು ಹಾಕಿಸಿದ್ದರು. ಆ ಸಾಲ ತೀರಲು ಎರಡು ವರ್ಷ ಹಿಡಿಯಿತೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಅಚ್ಚುಕೂಟದವರು ಕಾಯಿದೆಗೆ ಅನುಸಾರವಾಗಿ ಒಂದು ಪ್ರತಿಯನ್ನು ನೇರವಾಗಿ ಕಲಕತ್ತೆಗೆ ಅಂಚೆಯಲ್ಲಿ ಕಳುಹಿಸಿದ್ದರು. ಅದು ಮೂವತ್ತಮೂರು ವರ್ಷ ಅಲ್ಲಿ ತಣ್ಣಗೆ ಕುಳಿತಿತ್ತು.

ನಾವು ಪುಸ್ತಕವನ್ನು ತರಿಸಿದೆವು. ಮೇಲುಹೊದಿಕೆಯನ್ನು ನೋಡಿದೆವು, ಮನೆಯವರಿಗೂ ಮಗಳಿಗೂ ತೋರಿಸಿದೆವು, ಹೆಮ್ಮೆಪಟ್ಟೆವು. ಹತ್ತು ನಿಮಿಷಗಳಲ್ಲಿ ಹಿಂದಿರುಗಿಸಿ ವಿಕ್ಟೋರಿಯಾ ಸ್ಮಾರಕ ನೋಡಲು ಹೊರಟೆವು. ಮನೆಯಲ್ಲಿ ಒಂದು ಪ್ರತಿ ಇದ್ದೇ ಇದೆಯಲ್ಲ, ಇಲ್ಲಿ ಕುಳಿತು ಓದುವುದೇಕೆ ಎಂದು ನಮ್ಮ ಎಣಿಕೆ.

ಊರಿಗೆ ಬಂದು ಈ ಸುದ್ದಿ ಹೇಳಿದಾಗ ತೀರ್ಥರೂಪರ ಮುಖ ಅರಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತೊಂದನೇ ಪುಟ ನೋಡಿದೆಯೇನಪ್ಪಾ? ಕೋಷ್ಟಕ ಸರಿ ಇತ್ತೇ?" ಎಂದು ಕೇಳಿದರು. ನಾವು ಆ ಪುಟವನ್ನು ತೆರೆದೇ ಇರಲಿಲ್ಲ. ಆದರೆ ಹಾಗೆಂದು ಹೇಳಲು ನಾಚಿಕೆಯಾಗಿ, "ನೋಡಿದೆ, ಎಲ್ಲಾ ಸರಿ ಇದೆ" ಎಂದುಬಿಟ್ಟೆವು. ಅವರು "ಹಾಗಾದರೆ ಛಲೋ ಆತು" ಎಂದು ಸಮಾಧಾನಪಟ್ಟರು. 1996ರಲ್ಲಿ ಅವರು ಲಿಂಗೈಕ್ಯರಾದರು. ಮುಂದೆ ಹಳೆಯ ಮನೆ ಕೆಡವುವಾಗ ಅಟ್ಟದ ಮೇಲಿನ ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು. ಆ ಕೊನೆಯ ಪ್ರತಿಯೂ ಮಣ್ಣಾಗಿತ್ತು. ಇಪ್ಪತ್ತೊಂದನೆಯ ಪುಟದಲ್ಲಿ ಏನಿತ್ತೆಂದು ಕೇಳಲು ಮನುಷ್ಯರೂ ಇರಲಿಲ್ಲ, ನೋಡಲು ಪುಸ್ತಕವೂ ಇರಲಿಲ್ಲ.

ನಾವು ಕಲಕತ್ತೆಗೆ ಮರಳಲು ಹಿಂಜರಿಯುತ್ತಿದ್ದುದು ಇದೇ ಕಾರಣಕ್ಕೆ.

ಕಡೆಗೆ ಕಳೆದ 2024ರ ಡಿಸೆಂಬರಿನಲ್ಲಿ ಮನೆಯವರ ಹಟವೇ ಗೆದ್ದಿತು. ಕಾಲೇಜು ಓದುವ ಮೊಮ್ಮಗಳು ಜೊತೆಗೆ ಬಂದಳು. ಬೆಂಗಳೂರಿನಿಂದ ನೇರ ರೈಲು. ವಿಮಾನದಲ್ಲಿ ಹೋಗೋಣವೆಂದು ಮೊಮ್ಮಗಳು ಹೇಳಿದರೂ, ಆ ಊರನ್ನು ಹೌರಾ ಬಾಗಿಲಿನಿಂದಲೇ ಹೊಗಬೇಕೆಂದು ನಾವು ಹಟ ಹಿಡಿದೆವು. ಮನೆಯವರು ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು 1991ರಂತೆಯೇ ಕಟ್ಟಿಕೊಂಡರು.

ಹೌರಾದಲ್ಲಿ ಇಳಿದಾಗ ಮೊಮ್ಮಗಳು ನಮ್ಮನ್ನು ಹೊರಗೆ ಬಿಡಲಿಲ್ಲ. "ಅಜ್ಜಾ, ಇಲ್ಲೇ ಕೆಳಗೆ ಮೆಟ್ರೋ ಐತಿ" ಎಂದು ಏರುಮೆಟ್ಟಿಲುಗಳಿಂದ ಪಾತಾಳಕ್ಕೆ ಇಳಿಸಿದಳು. 2024ರ ಮಾರ್ಚಿನಿಂದ ಹೂಗ್ಲಿ ನದಿಯ ತಳದ ಕೆಳಗೆ ಸುರಂಗದಲ್ಲಿ ರೈಲು ಓಡುತ್ತಿದೆ. ನಮ್ಮ ದೇಶದಲ್ಲಿ ನದಿಯಡಿ ಹಾಯುವ ಮೊದಲ ಮೆಟ್ರೋ ಅದು. ನದಿಯ ಅಡಿಯ ಭಾಗ ಸುಮಾರು ಐದುನೂರಿಪ್ಪತ್ತು ಮೀಟರು. ಸುರಂಗದ ಗೋಡೆಗೆ ನೀಲಿ ದೀಪಗಳನ್ನು ಹಾಕಿದ್ದಾರೆ. ಇಗೋ ನದಿ ಬಂತು ಎನ್ನುವಷ್ಟರಲ್ಲಿ, ಒಂದು ನಿಮಿಷವೂ ಕಳೆಯುವ ಮೊದಲೇ, ಆಚೆಯ ದಡ ಬಂದಿತ್ತು. ಎಸ್‌ಪ್ಲನೇಡಿನಲ್ಲಿ ಮೇಲೆ ಬಂದಾಗ ನಾವು ಊರಿನೊಳಗಿದ್ದೆವು, ಆದರೆ ಸೇತುವೆಯನ್ನು ಕಂಡಿರಲಿಲ್ಲ. ನಾಲ್ಕು ದಶಕಗಳ ನಮ್ಮ ನೆನಪಿನ ಹೆಬ್ಬಾಗಿಲನ್ನು ನಲವತ್ತೈದು ಸೆಕೆಂಡುಗಳಲ್ಲಿ ತಪ್ಪಿಸಿದ್ದಾರೆಂದು ಮೊದಲಿಗೆ ಸಿಡುಕು ಬಂದಿತು. ಮಾರನೆಯ ದಿನ ಉಗಿದೋಣಿಯ ಕಟ್ಟೆಯಿಂದ ಹೊರಟು, ನಾವೆಯಲ್ಲಿ ಕುಳಿತು, ಸೇತುವೆಯನ್ನು ಕಣ್ತುಂಬ ನೋಡಿ ಬಂದ ಮೇಲೆ ಸಿಡುಕು ಇಳಿಯಿತು. ದಿನವೂ ತಲೆಯ ಮೇಲೆ ಹೊರೆ ಹೊತ್ತು, ಬಸ್ಸಿನ ಬಾಗಿಲಿಗೆ ಜೋತುಬಿದ್ದು ನದಿ ದಾಟುವ ಜನರಿಗೆ ಆ ಸುರಂಗ ಎಂಥ ಉಪಕಾರವೆಂಬುದು ಪ್ರವಾಸಿಯ ಕಣ್ಣಿಗೆ ತಟ್ಟನೆ ಕಾಣುವುದಿಲ್ಲ. 2025ರ ಆಗಸ್ಟಿನಲ್ಲಿ ಆ ಮಾರ್ಗ ಸಿಯಾಲ್ದಾದ ಕಡೆಗೂ ಕೂಡಿಕೊಂಡಿದೆ.

ಬದಲಾದುದು ಇದೊಂದೇ ಅಲ್ಲ. 1873ರಲ್ಲಿ ಕುದುರೆ ಎಳೆದು ಆರಂಭವಾದ ಟ್ರಾಮು, 1902ರಿಂದ ವಿದ್ಯುತ್ತಿನಲ್ಲಿ ಓಡಿ ಊರೆಲ್ಲ ಹೆಣೆದುಕೊಂಡಿತ್ತು. ನಾವು ಹೋದಾಗ ಅದು ಕೇವಲ ಒಂದೆರಡು ಮಾರ್ಗಗಳಲ್ಲಿ ಉಳಿದಿತ್ತು. ಅದನ್ನೂ ನಿಲ್ಲಿಸಿ ಮೈದಾನದ ಬಳಿಯ ಒಂದು ತುಣುಕನ್ನು ಮಾತ್ರ ನೆನಪಿಗಾಗಿ ಉಳಿಸುವುದಾಗಿ ಸರಕಾರವು 2024ರಲ್ಲಿ ಹೇಳಿದ್ದರಿಂದ ಊರಿನವರು ನೊಂದುಕೊಂಡಿದ್ದರು. ಹಳದಿ ಅಂಬಾಸಡರ್ ಟ್ಯಾಕ್ಸಿಗಳು ಹುಡುಕಿದರೆ ಸಿಗುವಂತಾಗಿವೆ. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಆದರೆ ಕಾಲೇಜು ಬೀದಿಯ ಹಳೆಯ ಪುಸ್ತಕದಂಗಡಿಗಳ ಸಾಲು ಹಾಗೆಯೇ ಇದೆ. ಟ್ರಾಮಿನಲ್ಲಿ ಕುಳಿತು ಅಲ್ಲಿಗೆ ಹೋಗಿ, ಕಾಫಿ ಹೌಸಿನ ಮೆಟ್ಟಿಲು ಹತ್ತಿದೆವು. ಮಾತಿನ ಗದ್ದಲ ಎಳ್ಳಷ್ಟೂ ಕಡಮೆಯಾಗಿಲ್ಲ. ಬೀದಿಬದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುವುದೂ ತಪ್ಪಿಲ್ಲ. ಮನುಷ್ಯರು ಎಳೆಯುವ ರಿಕ್ಷಾ ಇನ್ನೂ ಉಳಿದಿರುವುದನ್ನು ಕಂಡಾಗ ಮಾತ್ರ, ಹಳೆಯದೆಲ್ಲವೂ ಉಳಿಯಲೆಂದು ಹಾರೈಸುವುದು ಸರಿಯಲ್ಲವೆಂದು ನಮಗೆ ನಾವೇ ಹೇಳಿಕೊಳ್ಳಬೇಕಾಯಿತು.

ಮೂರನೆಯ ದಿನ ಅಲಿಪುರಕ್ಕೆ ಹೋದೆವು. ಬೆಲ್ವೆಡೇರ್ ಬಂಗಲೆ ಅದೇ ಗಾಂಭೀರ್ಯದಿಂದ ನಿಂತಿದೆ. ಓದುವ ಕೊಠಡಿಗಳು ಮಾತ್ರ ಅದೇ ಆವರಣದ ಭಾಷಾ ಭವನವೆಂಬ ಹೊಸ ಕಟ್ಟಡಕ್ಕೆ ಬಂದಿವೆ. ನಾವು ತೀರ್ಥರೂಪರ ಹೆಸರನ್ನೂ ಮನೆತನದ ಹೆಸರನ್ನೂ ಬರೆದು ಚೀಟಿ ಕೊಟ್ಟೆವು. ಆ ಹೆಸರಿನ ಪುಸ್ತಕವಿಲ್ಲವೆಂದು ಉತ್ತರ ಬಂದಿತು. 1991ರಲ್ಲಿ ಪುಸ್ತಕದ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಬುದ್ಧಿ ನಮಗೆ ಇರಲಿಲ್ಲ. ಆ ರಾತ್ರಿ ಲೇಕ್ ಮಾರ್ಕೆಟ್ಟಿನ ವಸತಿಗೃಹದಲ್ಲಿ ನಮಗೆ ನಿದ್ದೆ ಹತ್ತಲಿಲ್ಲ. ಪುಸ್ತಕವೊಂದು ಸಿಗದಿದ್ದರೆ ಏನಾಯಿತು ಎಂದು ಸಮಾಧಾನ ಹೇಳಿಕೊಂಡರೂ, ನಾವು ಹುಡುಕುತ್ತಿದ್ದುದು ಪುಸ್ತಕವನ್ನಷ್ಟೇ ಅಲ್ಲವೆಂಬುದು ಒಳಗೆ ಗೊತ್ತಿತ್ತು.

ಬೆಳಗಿನ ಜಾವ ಮನೆಯವರೇ ದಾರಿ ತೋರಿದರು. "ನಮ್ಮ ಲಗ್ನಪತ್ರಿಕೆ ನೆನಪ ಮಾಡಿಕೊಳ್ರಿ. ಮಾವನವರು ಅದರಾಗ ಮನೆತನದ ಹೆಸರು ಹಾಕಿಸಿರಲಿಲ್ಲ, ಊರ ಹೆಸರು ಹಾಕಿಸಿದ್ದರು." ಹೌದು! ನಿವೃತ್ತಿವೇತನದ ಕಾಗದಪತ್ರಗಳಲ್ಲಿ ಮನೆತನದ ಹೆಸರು ಬರುವುದಕ್ಕೆ ಮೊದಲು ಅವರು ತಮ್ಮ ಹೆಸರಿನೊಂದಿಗೆ ಊರ ಹೆಸರನ್ನೇ ಸೇರಿಸಿ ಬರೆಯುತ್ತಿದ್ದರು. ಸ್ವಂತ ತಂದೆಯ ಹೆಸರನ್ನು ನಾವು ಸರಿಯಾಗಿ ಬರೆದುಕೊಟ್ಟಿರಲಿಲ್ಲ. ಮೂವತ್ತು ವರ್ಷ ಸೊಸೆಯಾಗಿ ಬಡಿಸಿದವರಿಗೆ ಅದು ನೆನಪಿತ್ತು. ಮಾರನೆಯ ದಿನ ಹೊಸ ಚೀಟಿ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮೇಜಿನ ಮೇಲೆ ಬಂದಿತು.

ಹಾಳೆಗಳು ಹಪ್ಪಳದಂತಾಗಿದ್ದವು. ಹೊದಿಕೆಯ ಮೇಲೆ ಬೆಲೆ ಎರಡು ಬಗೆಯಲ್ಲಿ ಇತ್ತು: ನಾಲ್ಕು ಆಣೆ, ಅಥವಾ 25 ನಯೇ ಪೈಸೆ. ಈ ಸಲ ಮೊದಲ ಪುಟದಿಂದ ಓದಿದೆವು. ಓದುತ್ತ ಹೋದಂತೆ ಆ ಪುಸ್ತಕ ಏಕೆ ಹುಟ್ಟಿತೆಂದು ಮೊದಲ ಬಾರಿಗೆ ನಮಗೆ ತಿಳಿಯಿತು.

ಒಂದು ರೂಪಾಯಿಗೆ ಹದಿನಾರು ಆಣೆ ಇದ್ದುದು ನೂರು ನಯೇ ಪೈಸೆ ಆಯಿತು. ಆದ್ದರಿಂದ ಒಂದು ಆಣೆಗೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯ ನಾಣ್ಯವಿಲ್ಲ. ಸರಕಾರದ ಕೋಷ್ಟಕದಲ್ಲಿ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಸರಿಹೊಂದಿಸಿದ್ದರು. ಸಂತೆಯಲ್ಲಿ ಆಣೆಗೊಂದು ಸಿವುಡಿನಂತೆ ಸೊಪ್ಪು ಮಾರುವ ಹೆಣ್ಣುಮಗಳು ನಲವತ್ತು ಸಿವುಡು ಮಾರಿದರೆ ಅವಳಿಗೆ ಬರಬೇಕಾದದ್ದು ನಲವತ್ತು ಆಣೆ, ಎಂದರೆ ಎರಡೂವರೆ ರೂಪಾಯಿ. ಒಂದೊಂದಕ್ಕೂ ಆರಾರು ಪೈಸೆ ತೆಗೆದುಕೊಂಡರೆ ಕೈಗೆ ಸಿಗುವುದು ಎರಡು ರೂಪಾಯಿ ನಲವತ್ತು ಪೈಸೆ. ಹತ್ತು ಪೈಸೆ ಯಾರೂ ಕದಿಯದೆಯೇ ಕಳೆದುಹೋಗುತ್ತಿತ್ತು. ಕಾಯಿಪಲ್ಲೆ ಮಾರುವ ಇಬ್ಬರು ಹೆಣ್ಣುಮಕ್ಕಳು ಸಂಜೆ ದುಡ್ಡು ಎಣಿಸಿಕೊಂಡು, ನಮ್ಮ ರೊಕ್ಕ ಎಲ್ಲಿ ಹೋಯಿತೆಂದು ಶಾಲೆಗೆ ಬಂದು ಕೇಳಿದ್ದರಂತೆ. ಅದಕ್ಕೆ ಉತ್ತರವಾಗಿ ತಾನು ಇದನ್ನು ಬರೆದುದೆಂದು ತೀರ್ಥರೂಪರು ಮುನ್ನುಡಿಯಲ್ಲಿ ಹೇಳಿದ್ದಾರೆ. ನಾಲ್ಕಾಣೆಯ ಲೆಕ್ಕಕ್ಕೆ ಕೂಡಿಸಿ ಮಾರಿರಿ, ಆಗ ಮುರುಕು ಉಳಿಯುವುದಿಲ್ಲ, ಯಾರಿಗೂ ನಷ್ಟವಿಲ್ಲ ಎಂಬುದು ಅವರ ಸಲಹೆ. ಹಳೆಯ ಸೇರು ಹೋಗಿ ಕಿಲೋಗ್ರಾಮು ಬರುವುದೆಂದೂ, ಎಂಬತ್ತು ತೊಲದ ಸೇರು 933 ಗ್ರಾಮಿಗೆ ಸಮವೆಂದೂ ಮುಂದಿನ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಅಳತೆ ಬದಲಾದುದಕ್ಕೆ ಅಂಜಬೇಡಿರಿ, ಆದರೆ ಬದಲಾಗುವ ಹೊತ್ತಿನಲ್ಲಿ ಬಡವರ ಗಂಟು ಸೋರಿಹೋಗದಂತೆ ಎಚ್ಚರವಾಗಿರಿ ಎಂಬುದು ಇಡೀ ಪುಸ್ತಕದ ಸಾರ.

ಇಪ್ಪತ್ತೊಂದನೆಯ ಪುಟಕ್ಕೆ ಬಂದೆವು. ಆಣೆಯಿಂದ ಪೈಸೆಗೆ ತಿರುಗಿಸುವ ಕೋಷ್ಟಕ. ಐದು ಆಣೆಗೆ 31, ಆರಕ್ಕೆ 37, ಏಳಕ್ಕೆ 34.

ಏಳು ಆಣೆಗೆ 44 ಎಂದಿರಬೇಕು. ಅಚ್ಚಿನ ಮೊಳೆ ಜೋಡಿಸುವವರು ನಾಲ್ಕರ ಬದಲು ಮೂರನ್ನು ಇಟ್ಟುಬಿಟ್ಟಿದ್ದರು. ಊರಲ್ಲಿ ಮಾರಿದ ಪ್ರತಿಗಳನ್ನೆಲ್ಲ ತೀರ್ಥರೂಪರು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕುಳಿತು ಒಂದೊಂದಾಗಿ ಶಾಯಿಯಿಂದ ತಿದ್ದುತ್ತಿದ್ದುದು ನಮಗೆ ಆಗ ನೆನಪಾಯಿತು. ನಾವು ಎಂಟು ವರ್ಷದವರು, ಏನು ಬರೆಯುತ್ತಿದ್ದಾರೆಂದು ಗೊತ್ತಿರಲಿಲ್ಲ. ಅಚ್ಚುಕೂಟದಿಂದಲೇ ಕಲಕತ್ತೆಗೆ ಹೋದ ಪ್ರತಿ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ದೇಶದ ದೊಡ್ಡ ಗ್ರಂಥಾಲಯದಲ್ಲಿ ತನ್ನ ಹೆಸರಿದೆಯೆಂಬ ಹಿಗ್ಗಿಗಿಂತ, ಅಲ್ಲಿ ತನ್ನ ತಪ್ಪೊಂದು ತಿದ್ದದೆ ಉಳಿದಿದೆಯೇ ಎಂಬ ಅಳುಕು ಅವರಿಗೆ ಮೂವತ್ತಮೂರು ವರ್ಷ ಇತ್ತು. ನಮ್ಮ ಸುಳ್ಳು ಅವರಿಗೆ ಸಮಾಧಾನ ಕೊಟ್ಟಿತೆಂದು ನಾವು ಹೇಳಿಕೊಳ್ಳಬಹುದು. ಆದರೆ ನಿಜ ಹೇಳಿದ್ದರೆ ಅವರು ಒಂದು ಕಾರ್ಡು ಬರೆದು ತಪ್ಪನ್ನು ತಿಳಿಸುತ್ತಿದ್ದರು. ಆ ಅವಕಾಶವನ್ನು ನಾವು ಅವರಿಂದ ಕಸಿದುಕೊಂಡಿದ್ದೆವು.

ಮೊಮ್ಮಗಳು ಪೆನ್ಸಿಲ್ ಮುಂದೆ ಹಿಡಿದಳು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವುದು ತಪ್ಪೆಂದು ಮಾಸ್ತರರ ಮೊಮ್ಮಗಳಿಗೆ ನಾವು ಹೇಳಬೇಕಾಯಿತು. ಪುಸ್ತಕವನ್ನು ಹಾಗೆಯೇ ಬಿಟ್ಟೆವು. ಬದಲಿಗೆ ಮನೆಯವರು ಓದಿ ಹೇಳಿದರು, ಮೊಮ್ಮಗಳು ಬರೆದುಕೊಂಡಳು, ನಾವು ಲೆಕ್ಕಗಳನ್ನು ತಾಳೆ ನೋಡಿದೆವು. ಎರಡು ದಿನಗಳಲ್ಲಿ ನಲವತ್ತೆಂಟು ಪುಟಗಳೂ ಮುಗಿದವು. ಬೇರೆ ಒಂದು ತಪ್ಪೂ ಸಿಗಲಿಲ್ಲ. ದಕ್ಷಿಣೇಶ್ವರವನ್ನೂ ಬೇಲೂರು ಮಠವನ್ನೂ ನೋಡುವುದು ಈ ಸಲ ಸಾಧ್ಯವಾಗಲಿಲ್ಲ. ಯಾರಿಗೂ ಅದರ ಕೊರಗು ಆಗಲಿಲ್ಲ.

ಊರಿಗೆ ಮರಳುವ ಸಂಜೆ ಮೊಮ್ಮಗಳು ಸುರಂಗದ ಮಾತೆತ್ತಲಿಲ್ಲ. ಹಳದಿ ಟ್ಯಾಕ್ಸಿಯೊಂದನ್ನು ತಾನೇ ಹುಡುಕಿ ನಿಲ್ಲಿಸಿ, ಸೇತುವೆಯ ಮೇಲೆ ಹೌರಾಕ್ಕೆ ಕರೆದುಕೊಂಡು ಹೋದಳು.

ಮೆಚ್ಚಿದ ಊರಿಗೆ ಮರಳಿ ಹೋಗಬೇಕೇ ಎಂದು ಕೇಳುವ ಓದುಗರಿಗೆ ಈಗ ನಾವು ಹೋಗಿರಿ ಎನ್ನುತ್ತೇವೆ. ಊರು ನಮಗಾಗಿ ಕಾದು ಕುಳಿತಿರುವುದಿಲ್ಲ, ಕುಳಿತಿರಲೂ ಬಾರದು. ಆದರೆ ನಾವು ಅಲ್ಲಿ ಅರ್ಧಕ್ಕೆ ಬಿಟ್ಟುಬಂದ ಕೆಲಸವೇನಾದರೂ ಇದ್ದರೆ ಅದು ಅಲ್ಲಿಯೇ ಇರುತ್ತದೆ. ಇನ್ನೊಂದು ಮಾತು. ನಿಮ್ಮ ಮನೆಗಳ ಅಟ್ಟದ ಮೇಲೆ ಅಜ್ಜ ಮುತ್ತಜ್ಜರು ಬರೆದ, ಅಚ್ಚು ಹಾಕಿಸಿದ ಚಿಕ್ಕ ಪುಸ್ತಕವೋ ಕೈಬರಹದ ವಹಿಯೋ ಇದ್ದರೆ ಇಂದೇ ಇಳಿಸಿ ನೋಡಿರಿ. ಗೆದ್ದಲು ಹಬ್ಬಕ್ಕೆ ಕಾಯುವುದಿಲ್ಲ. ಬರೆದವರು ಇನ್ನೂ ಇದ್ದರೆ ಅವರ ಮುಂದೆಯೇ ಕುಳಿತು ಓದಿರಿ. ಅವರು ಏನಾದರೂ ಕೇಳಿದರೆ, ಗೊತ್ತಿಲ್ಲದಿದ್ದಾಗ ಗೊತ್ತಿಲ್ಲವೆಂದೇ ಹೇಳಿರಿ.

ಕೊನೆಯದಾಗಿ ಒಂದು ತಿದ್ದುಪಡಿ. 1958ರಲ್ಲಿ ಅಚ್ಚಾದ ಆ ಪುಸ್ತಕದ ಇಪ್ಪತ್ತೊಂದನೆಯ ಪುಟದಲ್ಲಿ ಏಳು ಆಣೆಗೆ 34 ಎಂದಿರುವುದನ್ನು 44 ಎಂದು ಓದಿಕೊಳ್ಳಬೇಕು. ಈ ತಪ್ಪನ್ನು ತಿಳಿಸಲು ತಡವಾದುದಕ್ಕೆ ಮಗನ ಕ್ಷಮೆಯಿರಲಿ.